ಹಂಡೆಯೊಳಗೇ ಇಳಿದು ಕೂರುವವರ ನೀರು

ಗುರುಗ್ರಾಮದಲ್ಲಿ ಫ್ಲ್ಯಾಟು ಮಾರುವವರು ಕೊಡುವ ಬಣ್ಣದ ಪುಸ್ತಕದಲ್ಲಿ ಮೂರು ಚಿತ್ರಗಳು ತಪ್ಪದೆ ಇರುತ್ತವೆ. ನೀಲಿ ಈಜುಕೊಳ, ಯಾರೂ ಇಲ್ಲದ ಜಿಮ್, ಮತ್ತು ಗುಳ್ಳೆಯೇಳುವ ಬಿಸಿನೀರಿನ ತೊಟ್ಟಿಯಲ್ಲಿ ಕಣ್ಣುಮುಚ್ಚಿ ಕೂತ ಒಬ್ಬ ಹೆಂಗಸು. ಈಜುಕೊಳ ವರ್ಷಕ್ಕೆ ಐದಾರು ತಿಂಗಳು ನಡೆಯುತ್ತದೆ. ಜಿಮ್ ಜನವರಿಯ ಮೊದಲ ವಾರ ತುಂಬಿರುತ್ತದೆ. ಮೂರನೆಯದು, ಹಾಟ್ ಟಬ್ ಅನ್ನಿ, ಜಕೂಝಿ ಅನ್ನಿ, ಬಹಳ ಕಡೆ ಎರಡನೇ ವರ್ಷಕ್ಕೇ ಕೆಟ್ಟು, ಮುರಿದ ಕುರ್ಚಿಗಳನ್ನು ಪೇರಿಸಿಡುವ ಜಾಗವಾಗುತ್ತದೆ. ನಮ್ಮ ಸೊಸೈಟಿಯಲ್ಲಿ ಅದು ಕೆಲಸ ಮಾಡುತ್ತಿತ್ತು. ತೊಂದರೆ ಶುರುವಾದದ್ದೇ ಅದರಿಂದ.

ಕ್ಲಬ್‌ಹೌಸಿನ ನೆಲಮಹಡಿಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಅದರ ನಡುವೆ ಆರು ಜನ ಕೂರಬಹುದಾದ, ಸುಮಾರು 1,500 ಲೀಟರ್ ಹಿಡಿಯುವ ತೊಟ್ಟಿ. ನವೆಂಬರಿನಿಂದ ಫೆಬ್ರವರಿ ತನಕ ಬಿಸಿ ಮಾಡುತ್ತಾರೆ. ಉಳಿದ ಕಾಲದಲ್ಲಿ ಇಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಬಿಸಿನೀರೇ ಬರುತ್ತದೆ! ತೊಟ್ಟಿಗೆ ಬರುವವರು ಪುಸ್ತಕದ ಚಿತ್ರದಲ್ಲಿರುವಂಥವರಲ್ಲ. ಮಂಡಿನೋವಿನ ಆಂಟಿಯರು, ಸೊಂಟ ಹಿಡಿದುಕೊಂಡ ನಿವೃತ್ತ ಫೌಜಿಗಳು, ಭಾನುವಾರ ಮಾತ್ರ ಮಕ್ಕಳು. ಎರಡು ಚಳಿಗಾಲದ ಹಿಂದೆ, ಡಿಸೆಂಬರಿನ ಒಂದೇ ವಾರದಲ್ಲಿ ನಾಲ್ಕು ಮನೆಗಳಿಂದ ಒಂದೇ ದೂರು ಬಂತು: ಬೆನ್ನು, ತೊಡೆ, ಈಜುಡುಗೆ ಅಂಟಿಕೊಳ್ಳುವ ಕಡೆಯೆಲ್ಲ ಕೆಂಪು ಗುಳ್ಳೆ, ತುರಿಕೆ. ಜೊತೆಗೆ ಕೋಣೆಗೆ ಕಾಲಿಟ್ಟರೆ ಕಣ್ಣುರಿಯುವಷ್ಟು ವಾಸನೆ. ಕ್ಲೋರಿನ್ ಜಾಸ್ತಿ ಸುರಿಯುತ್ತಿದ್ದಾರೆ ಎಂದು ಅರ್ಧ ವಾಟ್ಸ್ಆ್ಯಪ್ ಗುಂಪು, ಹಾಕುವುದೇ ಇಲ್ಲ ಎಂದು ಇನ್ನರ್ಧ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಆ ಗುಂಪಿನಲ್ಲಿ ಹಬ್ಬಕ್ಕೆ ಶುಭಾಶಯ ಹೇಳುವುದು ಬಿಟ್ಟರೆ ಬಾಯಿ ತೆರೆಯುವವಳಲ್ಲ. ಆದರೂ "ಆಪ್ ತೋ ಕೆಮಿಸ್ಟ್ರಿವಾಲೀ ಮೇಡಂ ಹೈಂ" ಎಂದು, ನೀರು ಶುದ್ಧವಾಗಿಡಲು ಯಾವ ವಿಧಾನ ಒಳ್ಳೆಯದೆಂದು ಆರಿಸುವ ಕೆಲಸವನ್ನು ನನ್ನ ಸೆರಗಿಗೆ ಕಟ್ಟಿದರು.

ನಾನು ಒಪ್ಪಿಕೊಂಡದ್ದಕ್ಕೆ ಸೊಸೈಟಿಯ ಮೇಲಿನ ಪ್ರೀತಿ ಕಾರಣವಲ್ಲ. ಅಮ್ಮ ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಒಬ್ಬರೇ ಆದರು. ಆ ವರ್ಷದಿಂದ ಚಳಿಗಾಲಕ್ಕೆ ನನ್ನ ಹತ್ತಿರ ಬಂದಿರುತ್ತಾರೆ. ಎಪ್ಪತ್ತೊಂಬತ್ತು ವಯಸ್ಸು, ಎರಡೂ ಮಂಡಿ ಸವೆದಿವೆ. ಶಸ್ತ್ರಚಿಕಿತ್ಸೆ ಬೇಡ ಎಂದು ಹಟ. ಬೆಚ್ಚಗಿನ ನೀರಿನಲ್ಲಿ ಕೂತು ಕಾಲಾಡಿಸಿದರೆ ನೋವು ಇಳಿಯುತ್ತದೆ ಎಂದು ಮೂಳೆ ಡಾಕ್ಟರು ಹೇಳಿದ್ದರು. ಆದರೆ ಐವತ್ತು ವರ್ಷ ಅಡಿಕೆ ಬೇಯಿಸುವ ಒಲೆಯ ಹೊಗೆಯಲ್ಲಿ ನಿಂತ ಅಪ್ಪಯ್ಯನ ಶ್ವಾಸಕೋಶವೂ ಚೆನ್ನಾಗಿಲ್ಲ. ಸಿಒಪಿಡಿ ಎಂದು ಚೀಟಿಯಲ್ಲಿ ಬರೆದಿದೆ. ಮಂಡಿ ಆ ನೀರು ಬೇಕು ಎನ್ನುತ್ತಿತ್ತು, ಎದೆ ಬೇಡ ಎನ್ನುತ್ತಿತ್ತು. ಆ ಕೋಣೆಗೆ ಅವರನ್ನು ಕರೆದೊಯ್ಯಬಹುದೋ ಇಲ್ಲವೋ ಎನ್ನುವುದು ನನಗೆ ತೀರ್ಮಾನವಾಗಬೇಕಿತ್ತು.

ಮೊದಲ ಸಲ ತೊಟ್ಟಿ ತೋರಿಸಿದಾಗ ಅಪ್ಪಯ್ಯ ಗಾಜಿನಾಚೆಯಿಂದಲೇ ನೋಡಿ, "ಎಂಥದೇ ಇದು ಮಾರಾಯ್ತಿ, ಹಂಡೆ ಒಳಗೇ ಇಳ್ದು ಕೂತ್ಕಳದಾ?" ಎಂದರು. ನಾನು ಆಗ ನಕ್ಕೆ. ಆಮೇಲೆ ಓದುತ್ತಾ ಹೋದಂತೆ, ಇಡೀ ವಿಷಯ ಆ ಒಂದು ಮಾತಿನಲ್ಲೇ ಇದೆ ಅನ್ನಿಸಿತು. ನಮ್ಮ ಬಚ್ಚಲುಮನೆ ನೆನಪಿಸಿಕೊಳ್ಳಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುತ್ತಿಗೆಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಹೊಸ ನೀರು ತುಂಬುತ್ತೇವೆ. ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡವರು ಚೊಂಬಿನಲ್ಲಿ ತೋಡಿ ಹೊಯ್ದುಕೊಳ್ಳುತ್ತೇವೆ. ಮೈಗೆ ಬಿದ್ದ ನೀರು ಬಚ್ಚಲ ಕಂಡಿಯಿಂದ ಹರಿದು ಬಾಳೆಗಿಡದ ಬುಡಕ್ಕೆ ಹೋಗುತ್ತದೆ, ಹಂಡೆಗೆ ಮತ್ತೆ ಬರುವುದಿಲ್ಲ. ಹಂಡೆಗೆ ಕ್ಲೋರಿನ್ ಬೇಡ, ಬ್ರೋಮಿನ್ ಬೇಡ. ಹಾಟ್ ಟಬ್ಬಿನಲ್ಲಿ ಮೈಗೆ ತಾಗಿದ ನೀರೇ ಪಂಪಿನಿಂದ ಸುತ್ತಿ ಮತ್ತೆ ಬೇರೆಯವರ ಮೈಗೆ ಬರುತ್ತದೆ. ಇವತ್ತಿನ ಆಂಟಿಯ ನೀರು ನಾಳೆಯ ಅಂಕಲ್ಲಿಗೆ.

ಈಜುಕೊಳದಲ್ಲೂ ಹಾಗೆಯೇ ಅಲ್ಲವೇ ಎಂದರೆ, ಹೌದು, ಆದರೆ ಲೆಕ್ಕ ಬೇರೆ. ನಮ್ಮ ಈಜುಕೊಳ ಎರಡು ಲಕ್ಷ ಲೀಟರಿನದು. 1,500 ಲೀಟರಿನ ತೊಟ್ಟಿಯಲ್ಲಿ ನಾಲ್ಕು ಜನ ಕೂತರೆ, ಈಜುಕೊಳದಲ್ಲಿ ಒಂದೇ ಸಲಕ್ಕೆ ಐನೂರಕ್ಕೂ ಹೆಚ್ಚು ಜನ ಇಳಿದ ಹಾಗೆ. ಮೇಲಾಗಿ ಬಿಸಿ. ನಲವತ್ತು ಡಿಗ್ರಿಯ ಹತ್ತಿರದ ನೀರಿನಲ್ಲಿ ಮನುಷ್ಯ ಬೆವರುತ್ತಾನೆ, ಕ್ಲೋರಿನ್ ಬೇಗ ಖರ್ಚಾಗುತ್ತದೆ, ಸೂಕ್ಷ್ಮಾಣುಗಳು ಸುಖವಾಗಿ ಬೆಳೆಯುತ್ತವೆ. ಗಾಳಿ ತುಂಬಿದ ನೀರು ಚಿಮ್ಮುವುದರಿಂದ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಏರುತ್ತಾ ಹೋಗುತ್ತದೆ. ಪಿಎಚ್ 7.5ರ ಹತ್ತಿರ ಇದ್ದರೆ ಹಾಕಿದ ಕ್ಲೋರಿನ್ನಿನಲ್ಲಿ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ. 8 ದಾಟಿದರೆ ಕಾಲು ಭಾಗವೂ ಇರುವುದಿಲ್ಲ. ಹಾಕಿದ್ದು ಅಷ್ಟೇ, ಕೆಲಸ ಮಾಡುವುದು ಕಮ್ಮಿ.

ಅಂದಹಾಗೆ, ಜಕೂಝಿ ಎನ್ನುವುದು ಒಂದು ಮನೆತನದ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಅಣ್ಣತಮ್ಮಂದಿರು ಅವರು. ಮೊದಲು ವಿಮಾನದ ಪ್ರೊಪೆಲರ್, ಆಮೇಲೆ ನೀರಿನ ಪಂಪು ಮಾಡುತ್ತಿದ್ದರು. ಅವರಲ್ಲೊಬ್ಬರ ಮಗನಿಗೆ ಎಳವೆಯಲ್ಲೇ ಸಂಧಿವಾತ ಬಂತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದ ನೀರಿನ ಚಿಕಿತ್ಸೆಯನ್ನು ಮನೆಯ ಸ್ನಾನದ ತೊಟ್ಟಿಯಲ್ಲೇ ಕೊಡಲು ಅಪ್ಪ ಒಂದು ಪಂಪು ತಯಾರಿಸಿದರು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ನಾವು ಐಷಾರಾಮ ಎಂದು ನಗುವ ವಸ್ತು ಹುಟ್ಟಿದ್ದು ನೋಯುವ ಕೀಲುಗಳಿಗಾಗಿ. ಅಪ್ಪಯ್ಯನಿಗೆ ಇದನ್ನು ಹೇಳಿದ ಮೇಲೆ ತೊಟ್ಟಿಯ ಬಗ್ಗೆ ಅವರ ಮುಖ ಸ್ವಲ್ಪ ಸಡಿಲವಾಯಿತು. ಆದರೂ "ನಮ್ಮ ಪುತ್ತೂರಿನ ಬೆಂದ್ರುತೀರ್ಥದ ಹಾಗೆ ನೆಲದಿಂದಲೇ ಬರೋ ಬಿಸಿನೀರು ಇಲ್ಲಿಲ್ವಾ?" ಎಂದು ಕೇಳಿದರು. ಇದೆ. ನಮ್ಮದೇ ಜಿಲ್ಲೆಯ ಸೋಹ್ನಾದಲ್ಲಿ, ಅರಾವಳಿಯ ಬುಡದಲ್ಲಿ, ಗಂಧಕದ ಬಿಸಿನೀರಿನ ಕುಂಡ ಇದೆ. ಆದರೆ ಸೋಹ್ನಾ ರೋಡಿನ ಟ್ರಾಫಿಕ್ಕಿನಲ್ಲಿ ಕಾಲು ಮಡಚಿ ಕೂತು ಹೋಗಿಬಂದರೆ, ಕುಂಡದಲ್ಲಿ ಬಿಟ್ಟ ಮಂಡಿನೋವು ಬಾದಶಾಹಪುರ ದಾಟುವುದರೊಳಗೆ ವಾಪಸ್ ಬಂದಿರುತ್ತದೆ.

ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದ್ದೆವು. ಒಬ್ಬರು ಓಝೋನ್ ಯಂತ್ರ ಎಂದರು, ಲಕ್ಷದ ಸಮೀಪ. ಇನ್ನೊಬ್ಬರು ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರ ಎಂದರು. ಮೂರನೆಯವರು ತಾಮ್ರ ಮತ್ತು ಬೆಳ್ಳಿಯ ಅಯಾನು ಬಿಡುವ ಪೆಟ್ಟಿಗೆ ತಂದು, ನಮ್ಮ ಪೂರ್ವಜರು ತಾಮ್ರದ ಪಾತ್ರೆಯಲ್ಲಿ ನೀರಿಡುತ್ತಿದ್ದರಲ್ಲವೇ ಎಂದು ಅಧ್ಯಕ್ಷರ ಮುಂದೆ ಭಾಷಣ ಮಾಡಿದರು. ಮೂವರ ಬಾಯಲ್ಲೂ ಇದ್ದ ಒಂದೇ ಪದ "ಕೆಮಿಕಲ್-ಫ್ರೀ". ಆ ಪದ ಕೇಳಿದರೆ ರಸಾಯನಶಾಸ್ತ್ರದ ಮೇಷ್ಟರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳುವುದಿಲ್ಲ.

ಹೊಸ ಯಂತ್ರ ಕೊಳ್ಳುವ ಮೊದಲು ಇರುವ ನೀರಿಗೆ ಏನಾಗಿದೆ ಎಂದು ತಿಳಿಯಬೇಕಲ್ಲ. ಪೂಲ್ ನೋಡಿಕೊಳ್ಳುವ ಹುಡುಗ ತನ್ನ ಟೆಸ್ಟ್ ಕಿಟ್ ತಂದ. ಎರಡು ಹನಿ ಹಾಕಿದರೆ ನೀರು ಹಳದಿಯಾಗುವ, ಎಲ್ಲ ಕಡೆ ಸಿಗುವ ಕಿಟ್ಟು. ನೀರು ಗಾಢ ಹಳದಿಯಾಯಿತು. "ದೇಖಿಯೇ ಮೇಡಂಜೀ, ಕ್ಲೋರಿನ್ ಪೂರಾ ಹೈ." ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಹಳದಿ ತೋರಿಸುವುದು ಒಟ್ಟು ಕ್ಲೋರಿನ್ನನ್ನು. ಅದರಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲಲು ಇನ್ನೂ ಸಿದ್ಧವಾಗಿ ನಿಂತಿರುವುದೆಷ್ಟು, ಬೆವರಿನ ಜೊತೆ ಕೂಡಿ ಸುಸ್ತಾಗಿರುವುದೆಷ್ಟು ಎಂದು ಅದು ಹೇಳುವುದಿಲ್ಲ. ಡಿಪಿಡಿ ಎನ್ನುವ ಇನ್ನೊಂದು ಬಗೆಯ ಕಿಟ್ ತರಿಸಿದೆ. ಇದರಲ್ಲಿ ನೀರು ಗುಲಾಬಿಯಾಗುತ್ತದೆ, ಎರಡನ್ನೂ ಬೇರೆ ಬೇರೆ ಅಳೆಯಬಹುದು. ಒಟ್ಟು ಕ್ಲೋರಿನ್ ಲೀಟರಿಗೆ 4 ಮಿಲಿಗ್ರಾಂ, ಅಂದರೆ 4 ಪಿಪಿಎಂ ಬಂತು. ಅದರಲ್ಲಿ ಕೆಲಸಕ್ಕೆ ಬರುವ ಮುಕ್ತ ಕ್ಲೋರಿನ್ 1 ಕೂಡ ಇರಲಿಲ್ಲ. ಹಾಟ್ ಟಬ್ಬಿಗೆ ಕನಿಷ್ಠ 3 ಬೇಕು ಎನ್ನುತ್ತದೆ ಅಮೆರಿಕದ ಸಿಡಿಸಿ.

ಕಣ್ಣುರಿಸುವ ವಾಸನೆ ಆ ಸುಸ್ತಾದ ಭಾಗದ್ದು. ಬೆವರು, ಮೂತ್ರ, ಚರ್ಮದಿಂದ ಬಂದ ಅಮೋನಿಯಾದಂಥ ಸಾರಜನಕದ ವಸ್ತುಗಳ ಜೊತೆ ಕ್ಲೋರಿನ್ ಸೇರಿದರೆ ಕ್ಲೋರಮೈನ್‌ಗಳಾಗುತ್ತವೆ. ನಾವು "ಈಜುಕೊಳದ ವಾಸನೆ" ಎನ್ನುವುದು ಇವನ್ನೇ. ವಾಸನೆ ಬಂದರೆ ಕ್ಲೋರಿನ್ ಜಾಸ್ತಿ ಎಂದು ಜನ ತಿಳಿಯುತ್ತಾರೆ. ಬಹುತೇಕ ಸಂದರ್ಭದಲ್ಲಿ ಅದು ಸಾಲದೇ ಬಂದದ್ದರ ಲಕ್ಷಣ. ವಾಟ್ಸ್ಆ್ಯಪ್ ಗುಂಪಿನ ಎರಡೂ ಪಕ್ಷದವರು ಅರ್ಧರ್ಧ ಸರಿಯಿದ್ದರು.

ದೆಹಲಿಯಲ್ಲಿರುವ ನಮಗೆ ಈ ರಸಾಯನ ಹೊಸದಾಗಬಾರದು. ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಬರುತ್ತದಲ್ಲ, ಯಮುನೆಯಲ್ಲಿ ಅಮೋನಿಯಾ ಏರಿತು, ವಜೀರಾಬಾದ್ ಮತ್ತು ಚಂದ್ರಾವಲ್ ಶುದ್ಧೀಕರಣ ಘಟಕಗಳಲ್ಲಿ ನೀರು ಕಡಿಮೆ ಮಾಡಿದರು ಎಂದು. ನದಿಯ ಅಮೋನಿಯಾ 1 ಪಿಪಿಎಂ ಸುತ್ತಮುತ್ತ ಹೋದರೆ ಆ ಘಟಕಗಳಿಗೆ ಕಷ್ಟ. ಕಾರಣ ಇದೇ: ಹಾಕಿದ ಕ್ಲೋರಿನ್ ಮೊದಲು ಅಮೋನಿಯಾಕ್ಕೆ ಬಲಿಯಾಗುತ್ತದೆ. ಅದನ್ನು ಪೂರ್ತಿ ಸುಟ್ಟುಹಾಕಲು ಅಮೋನಿಯಾದ ಸಾರಜನಕದ ತೂಕದ ಸುಮಾರು ಹತ್ತು ಪಟ್ಟು ಕ್ಲೋರಿನ್ ಬೇಕು. ವಜೀರಾಬಾದಿನ ಜಲಮಂಡಳಿಗೆ ಇರುವ ತಲೆನೋವೇ ನಮ್ಮ ಆರು ಸೀಟಿನ ತೊಟ್ಟಿಗೂ ಇತ್ತು. ಅಲ್ಲಿಗೆ ಅಮೋನಿಯಾ ಹರಿಯಾಣದ ಕಡೆಯಿಂದ ಬರುತ್ತದೆ, ನಮ್ಮಲ್ಲಿ ಬಿ ಟವರಿನಿಂದ ಬರುತ್ತದೆ.

ಇನ್ನೊಂದು ಸಂಗತಿ ಹುಡುಗನ ಜೊತೆ ಸ್ಟೋರ್ ರೂಮಿಗೆ ಹೋದಾಗ ತಿಳಿಯಿತು. ಬೇಸಿಗೆಯಲ್ಲಿ ಈಜುಕೊಳಕ್ಕೆ ಹಾಕುವ 200 ಗ್ರಾಮಿನ ಬಿಳಿ ಗುಳಿಗೆಗಳನ್ನೇ ತೊಟ್ಟಿಗೂ ಹಾಕುತ್ತಿದ್ದರು. ಟಿಸಿಸಿಎ ಎಂದು ಡಬ್ಬದ ಮೇಲೆ ಇರುತ್ತದೆ. ಅಗ್ಗ, ಹಾಕಿ ಮರೆತುಬಿಡಬಹುದು, ನಿಧಾನವಾಗಿ ಕರಗುತ್ತದೆ. ಆದರೆ ಕ್ಲೋರಿನ್ ಬಿಟ್ಟುಕೊಟ್ಟ ಮೇಲೆ ಅದರಲ್ಲಿ ಸಯನೂರಿಕ್ ಆಮ್ಲ ಉಳಿಯುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಟ್ಟುಕೊಳ್ಳುವ ವಸ್ತು ಅದು. ಬಯಲಿನ ಈಜುಕೊಳಕ್ಕೆ ಉಪಕಾರಿ. ಹಿಡಿದಿಟ್ಟುಕೊಳ್ಳುವ ಕೈ ಬಿಗಿಯಾದರೆ ಕ್ಲೋರಿನ್ನಿಗೆ ಕೆಲಸ ಮಾಡಲೂ ಆಗುವುದಿಲ್ಲ. ಎರಡು ಲಕ್ಷ ಲೀಟರಿನಲ್ಲಿ ಒಂದು ಗುಳಿಗೆ ಕರಗಿದರೆ ಸಯನೂರಿಕ್ ಆಮ್ಲ ಅರ್ಧ ಪಿಪಿಎಂ ಏರುತ್ತದೆ, ಗೊತ್ತೂ ಆಗುವುದಿಲ್ಲ. ಅದೇ ಗುಳಿಗೆ 1,500 ಲೀಟರಿನಲ್ಲಿ ಪೂರ್ತಿ ಕರಗಿದರೆ 70 ದಾಟುತ್ತದೆ. ಅದು ಆವಿಯಾಗಿ ಹೋಗುವುದೂ ಇಲ್ಲ, ನೀರು ಚೆಲ್ಲಿದರೆ ಮಾತ್ರ ಹೋಗುತ್ತದೆ. ಬಿಸಿಲೇ ಬೀಳದ ಕೋಣೆಗೆ ಛತ್ರಿ ಹಿಡಿದ ಹಾಗೆ. ಹಾಟ್ ಟಬ್ಬಿಗೆ ಸಯನೂರಿಕ್ ಆಮ್ಲವಿರುವ ಏನನ್ನೂ ಹಾಕಬೇಡಿ ಎಂದು ಸಿಡಿಸಿ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಸೊಸೈಟಿಯಲ್ಲೂ ತೊಟ್ಟಿ ಇದ್ದರೆ, ಇದೊಂದನ್ನು ಇವತ್ತೇ ಹೋಗಿ ನೋಡಿ. ಹಾಗೆಯೇ ಸ್ಟೋರಿನಲ್ಲಿ ಈ ಗುಳಿಗೆಯ ಡಬ್ಬವೂ ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ಪುಡಿಯೂ ಒಂದೇ ಶೆಲ್ಫಿನಲ್ಲಿ, ಒಂದೇ ಚಮಚದ ಜೊತೆ ಇದ್ದರೆ ಕೂಡಲೇ ಬೇರೆ ಮಾಡಿಸಿ. ಅವೆರಡೂ ಬೆರೆತರೆ ಸ್ಫೋಟವಾಗಬಹುದು. ನಮ್ಮಲ್ಲಿ ಒಂದೇ ಶೆಲ್ಫಿನಲ್ಲಿದ್ದವು.

ಮೈ ಮೇಲಿನ ಗುಳ್ಳೆ ಸ್ಯೂಡೋಮೊನಾಸ್ ಎನ್ನುವ ಬ್ಯಾಕ್ಟೀರಿಯದಿಂದ ಬರುವಂಥದು ಎಂದು ಚರ್ಮದ ಡಾಕ್ಟರು ನೋಡಿದೊಡನೆ ಹೇಳಿದರಂತೆ. ಹಾಟ್ ಟಬ್ಬಿನ ಗುಳ್ಳೆ ಎಂದೇ ಅದಕ್ಕೆ ಹೆಸರು. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು: ಲೀಜಿಯೊನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರು ನ್ಯುಮೋನಿಯಾ ಬಂದು ಸತ್ತಾಗ ಪತ್ತೆಯಾದ ಬ್ಯಾಕ್ಟೀರಿಯ ಅದು. ಬೆಚ್ಚಗಿನ ನೀರಿನಲ್ಲಿ, ಪೈಪಿನ ಒಳಮೈಯ ಲೋಳೆಯಲ್ಲಿ ಬೆಳೆಯುತ್ತದೆ. ನೀರು ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗುಳ್ಳೆ ಒಡೆದು ಮೇಲೇಳುವ ಸಣ್ಣ ತುಂತುರನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. 1999ರಲ್ಲಿ ನೆದರ್ಲೆಂಡ್ಸಿನ ಬೋವನ್‌ಕಾರ್ಸ್‌ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆಂದು ಹಾಟ್ ಟಬ್ ಇಟ್ಟಿದ್ದರು. ಅದರೊಳಗೆ ಯಾರೂ ಇಳಿಯಬೇಕಾಗಿರಲಿಲ್ಲ. ಪಕ್ಕದಲ್ಲಿ ಹೂವು ನೋಡುತ್ತಾ ನಡೆದುಹೋದವರು ಕಾಯಿಲೆ ಬಿದ್ದರು, ಮೂವತ್ತರಷ್ಟು ಜನ ಸತ್ತರು. ವಯಸ್ಸಾದವರು, ಶ್ವಾಸಕೋಶ ಸರಿಯಿಲ್ಲದವರು ಇದಕ್ಕೆ ಬೇಗ ಸಿಗುತ್ತಾರೆ. ಓದಿ ಮುಗಿಸಿ ನೋಡಿದರೆ ಅಪ್ಪಯ್ಯ ಸೋಫಾದಲ್ಲಿ ಇನ್‌ಹೇಲರ್ ಕೈಯಲ್ಲಿ ಹಿಡಿದು ಕನ್ನಡ ವಾರ್ತೆ ಕೇಳುತ್ತಿದ್ದರು. ತೊಟ್ಟಿಯ ವಿಷಯ ಆ ತಿಂಗಳು ಅವರ ಮುಂದೆ ಎತ್ತಲಿಲ್ಲ.

ಇಷ್ಟು ತಿಳಿದ ಮೇಲೆ ಕೊಟೇಶನ್‌ಗಳನ್ನು ಮತ್ತೆ ತೆಗೆದೆವು. ಓಝೋನ್ ನಿಜಕ್ಕೂ ಸಮರ್ಥ, ಯುವಿ ದೀಪವೂ ಅಷ್ಟೇ. ಆದರೆ ಇವೆರಡೂ ಕೊಲ್ಲುವುದು ಪೈಪಿನ ಒಂದು ಜಾಗದಲ್ಲಿ, ನೀರು ಅಲ್ಲಿ ಹಾದುಹೋಗುವಾಗ ಮಾತ್ರ. ನನ್ನ ಪಕ್ಕ ಕೂತವರ ಮೈಯಿಂದ ನನ್ನ ಕಡೆಗೆ ಬರುತ್ತಿರುವುದನ್ನು ತಡೆಯಲು ತೊಟ್ಟಿಯ ನೀರಿನಲ್ಲೇ ಕಾವಲು ಇರಬೇಕು. ಅದು ಕ್ಲೋರಿನ್ ಇಲ್ಲವೇ ಬ್ರೋಮಿನ್. ಕಂಪನಿಯ ಪ್ರತಿನಿಧಿಯನ್ನು ಒತ್ತಿ ಕೇಳಿದಾಗ, ಓಝೋನ್ ಜೊತೆಗೆ "ಥೋಡಾ ಸಾ" ಕ್ಲೋರಿನ್ ಹಾಕಬೇಕು ಎಂದು ಒಪ್ಪಿಕೊಂಡರು. ತಾಮ್ರ ಬೆಳ್ಳಿಯವರದೂ ಅದೇ ಕತೆ: ಕೊಲ್ಲುವುದು ನಿಧಾನ, ಜೊತೆಗೆ ಕ್ಲೋರಿನ್ ಬೇಕೇ ಬೇಕು. ಉಪ್ಪಿನ ಯಂತ್ರವಂತೂ ಉಪ್ಪಿನಿಂದ ಕ್ಲೋರಿನ್ನನ್ನೇ ತಯಾರಿಸುವುದು. ಒಳ್ಳೆಯ ಯಂತ್ರ. ಆದರೆ ಬಕೆಟ್ಟಿನ ಅಂಚಿಗೆ, ಗೀಸರಿನ ಒಳಗೆ ಬಿಳಿ ಹೊಪ್ಪಳೆ ಕಟ್ಟುವ ನಮ್ಮ ಬೋರ್‌ವೆಲ್ಲು-ಟ್ಯಾಂಕರಿನ ಗಡಸು ನೀರಿನಲ್ಲಿ ಅದರ ತಗಡುಗಳಿಗೂ ಸುಣ್ಣ ಹಿಡಿಯುತ್ತದೆ. ಯಾರು ಪ್ರತಿ ವಾರ ಬಿಚ್ಚಿ ತೊಳೆಯುವವರು?

ಬ್ರೋಮಿನ್ ಬಗ್ಗೆ ನನಗೆ ಒಲವಿತ್ತು, ಈಗಲೂ ಇದೆ. ಬಿಸಿನೀರಿನಲ್ಲಿ ಬಾಳಿಕೆ ಬರುತ್ತದೆ. ಪಿಎಚ್ ಸ್ವಲ್ಪ ಏರಿದರೂ ಚುರುಕು ಕಳೆದುಕೊಳ್ಳುವುದಿಲ್ಲ. ಬೆವರಿನ ಜೊತೆ ಸೇರಿ ಆಗುವ ಬ್ರೋಮಮೈನ್‌ಗಳು ಕ್ಲೋರಮೈನ್‌ಗಳ ಹಾಗೆ ಸುಸ್ತಾಗದೆ ಕೊಲ್ಲುವ ಕೆಲಸ ಮುಂದುವರಿಸುತ್ತವೆ, ವಾಸನೆಯೂ ಕಡಿಮೆ. ಬಿಸಿಲಿಗೆ ನಿಲ್ಲುವುದಿಲ್ಲ, ಆದರೆ ನಮ್ಮದು ಒಳಾಂಗಣ. ಸ್ವಂತ ಮನೆಯಲ್ಲಿ ತೊಟ್ಟಿ ಇಟ್ಟುಕೊಂಡು ಇಬ್ಬರೇ ಕೂರುವವರಾದರೆ ನಾನು ಬ್ರೋಮಿನ್ ಎಂದೇ ಹೇಳುತ್ತೇನೆ. ಅಮೆರಿಕದಲ್ಲಿರುವ ಓದುಗರು ಹೇಗೂ ಅದನ್ನೇ ಬಳಸುತ್ತಿರಬಹುದು. ನಮ್ಮಲ್ಲಿ ತೊಡಕಾದದ್ದು ಸರಬರಾಜು. ಕ್ಲೋರಿನ್ನಿನ ದ್ರಾವಣ ಫೋನು ಮಾಡಿದ ದಿನವೇ ಬರುತ್ತದೆ. ಬ್ರೋಮಿನ್ ಗುಳಿಗೆಗೆ ಎರಡು ವಾರ ಎಂದ ಅಂಗಡಿಯವರು ಮೂರನೇ ವಾರವೂ ಎರಡು ವಾರ ಎಂದರು. ಖಾಲಿಯಾದ ದಿನ ಹುಡುಗ ಏನು ಮಾಡುತ್ತಾನೆ? ಕೈಗೆ ಸಿಕ್ಕಿದ ಬಿಳಿ ಗುಳಿಗೆ ಹಾಕುತ್ತಾನೆ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಸಮಿತಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟು. ಲಕ್ಷ ರೂಪಾಯಿಯ ಯಂತ್ರ ಬೇಡ. ಗುಳಿಗೆ ನಿಲ್ಲಿಸೋಣ. ಸಯನೂರಿಕ್ ಆಮ್ಲ ಇಲ್ಲದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಹನಿಹನಿಯಾಗಿ ಬಿಡುವ ಸಣ್ಣ ಡೋಸಿಂಗ್ ಪಂಪು ಹಾಕೋಣ. ಅದೂ ಒಂದು ಅಂದಾಜಿಗೆ; ದಿನಕ್ಕೆ ಎರಡು ಸಲ ಗುಲಾಬಿ ಕಿಟ್ಟಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಬೇಕು. 1,500 ಲೀಟರಿಗೆ ಒಂದು ಪಿಪಿಎಂ ಏರಿಸಲು ಹತ್ತು ಪ್ರತಿಶತದ ದ್ರಾವಣ 15 ಮಿಲಿಲೀಟರ್ ಸಾಕು, ಕಾಫಿ ಲೋಟದ ತಳ ಮುಚ್ಚುವಷ್ಟು. ಉಳಿದ ದುಡ್ಡು ಆ ಹುಡುಗನಿಗೆ. ಚಳಿಗಾಲದಲ್ಲಿ ಈಜುಕೊಳ ಮುಚ್ಚುವುದರಿಂದ ಅವನನ್ನು ನವೆಂಬರಿನಲ್ಲಿ ಕೆಲಸದಿಂದ ಬಿಡಿಸಿ ಏಪ್ರಿಲ್‌ನಲ್ಲಿ ಮತ್ತೆ ಕರೆಸುವ ಪದ್ಧತಿ ಇತ್ತು. ನಡುವಿನ ನಾಲ್ಕು ತಿಂಗಳು ತೊಟ್ಟಿ ನೋಡುತ್ತಿದ್ದವರು ಸೆಕ್ಯುರಿಟಿಯವರು, ಅವನು ಬಿಡುವಾದಾಗ ಬಂದು ಹೋಗುತ್ತಿದ್ದ. ಅವನಿಗೆ ಆ ನಾಲ್ಕು ತಿಂಗಳ ಸಂಬಳ, ಕೈಗವಸು, ಕನ್ನಡಕ, ಸರಿಯಾದ ಮಾಸ್ಕು. ಅವನು ಬರಿಗೈಯಲ್ಲಿ ಆಮ್ಲದ ಕ್ಯಾನು ಎತ್ತುವುದನ್ನು ನೋಡಿ ನನಗೆ ಲ್ಯಾಬಿನ ಹನ್ನೊಂದನೇ ಕ್ಲಾಸಿನ ಮಕ್ಕಳ ಮೇಲೆ ಬರುತ್ತಿದ್ದ ಸಿಟ್ಟೇ ಬಂದಿತ್ತು. ಆದರೆ ಇಲ್ಲಿ ಸಿಟ್ಟು ಮಾಡಬೇಕಾದದ್ದು ಅವನ ಮೇಲಲ್ಲವಲ್ಲ.

"ಯಂತ್ರ ತಂದರೆ ಒಂದೇ ಸಲ ಖರ್ಚು, ಸಂಬಳ ಪ್ರತಿ ವರ್ಷ" ಎಂದು ಖಜಾಂಚಿಯವರು ತಕರಾರು ತೆಗೆದರು. ಲೆಕ್ಕ ಸರಿಯೇ. ಯಂತ್ರದ ಹಸಿರು ದೀಪ ಉರಿಯುತ್ತಿದ್ದರೆ ನೀರು ಚೆನ್ನಾಗಿದೆ ಎಂದು ಎಲ್ಲರೂ ನಂಬುತ್ತಾರೆ, ಯಾರೂ ಅಳೆಯುವುದಿಲ್ಲ ಎನ್ನುವುದು ನನ್ನ ಭಯ ಎಂದೆ. ಚರ್ಚೆ ಒಂದೂವರೆ ಗಂಟೆ ನಡೆಯಿತು, ಸಮೋಸಾ ಎರಡು ಸಲ ಬಂತು. ಕೊನೆಗೆ ಒಂದು ಚಳಿಗಾಲ ನೋಡೋಣ ಎಂದು ಒಪ್ಪಿದರು. ಓಝೋನಿನವರು ಆಮೇಲೂ ನನಗೆ ಹಬ್ಬಕ್ಕೆ ಮಿಠಾಯಿ ಚಿತ್ರ ಕಳಿಸುತ್ತಿರುತ್ತಾರೆ.

ನೀರು ಚೆಲ್ಲುವುದು ಎಲ್ಲಕ್ಕಿಂತ ಕಷ್ಟದ ಭಾಗವಾಯಿತು. ಯಾವ ವಿಧಾನ ಆರಿಸಿದರೂ ಬೆವರು, ಎಣ್ಣೆ, ಉಪ್ಪು ನೀರಿನಲ್ಲಿ ಸೇರುತ್ತಲೇ ಹೋಗುತ್ತವೆ. ಎಷ್ಟು ದಿನಕ್ಕೊಮ್ಮೆ ಖಾಲಿ ಮಾಡಬೇಕು ಎನ್ನಲು ಒಂದು ಸೂತ್ರ ಇದೆ. ನೀರನ್ನು ಅಮೆರಿಕದ ಗ್ಯಾಲನ್ನಿನಲ್ಲಿ ಲೆಕ್ಕಹಾಕಿ ಮೂರರಿಂದ ಭಾಗಿಸಿ, ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಮತ್ತೆ ಭಾಗಿಸಬೇಕು. ನಮ್ಮ ತೊಟ್ಟಿ ಸುಮಾರು 396 ಗ್ಯಾಲನ್, ದಿನಕ್ಕೆ ಹನ್ನೆರಡು ಜನ, ಹನ್ನೊಂದು ದಿನ ಬಂತು. ಅಂತರ್ಜಲ ಬಗೆದು ಮುಗಿಸಿದ ಊರಿದು, ಟ್ಯಾಂಕರಿಗೆ ಫೋನು ಮಾಡಿ ಕಾಯುವ ಊರು. ಹನ್ನೊಂದು ದಿನಕ್ಕೊಮ್ಮೆ ಒಂದೂವರೆ ಸಾವಿರ ಲೀಟರ್ ಚೆಲ್ಲುವುದೆಂದರೆ ಮಲೆನಾಡಿನವಳಾದ ನನಗೇ ಕೈ ನಡುಗುತ್ತದೆ. ಪಂಪು ನಿಲ್ಲಿಸಿ, ಮುಚ್ಚಳ ತೆಗೆದು ಎರಡು ದಿನ ಬಿಟ್ಟು, ಕ್ಲೋರಿನ್ ಸೊನ್ನೆಯಾಯಿತೆಂದು ಕಿಟ್ಟಿನಲ್ಲಿ ನೋಡಿದ ಮೇಲೆ ಆ ನೀರನ್ನು ಬೇಸ್‌ಮೆಂಟಿನ ನೆಲ ತೊಳೆಯಲು ಬಳಸುತ್ತೇವೆ. ಗಿಡಕ್ಕೆ ಹಾಕುತ್ತೀರಾ ಎಂದರೆ ಮಾಲಿ ಕೈ ಮುಗಿದು ಬೇಡ ಎಂದ. ಉಪ್ಪಿನ ನೀರು ಎಂದು ಅವನಿಗೆ ನಾಲಿಗೆಗೆ ಹಚ್ಚದೆಯೇ ಗೊತ್ತು. ಖಾಲಿ ಮಾಡಿದಾಗಲೆಲ್ಲ ಪೈಪಿನೊಳಗಿನ ಲೋಳೆ ಕೀಳುವ ಮದ್ದು ಹಾಕಿ ಜೆಟ್ಟುಗಳನ್ನು ಓಡಿಸಿ ತೊಳೆಯುವುದೂ ಇದೆ. ಮೊದಲ ಸಲ ಪೈಪಿನಿಂದ ಹೊರಬಂದದ್ದನ್ನು ನೋಡಿದ ಅಧ್ಯಕ್ಷರು ಆ ಚಳಿಗಾಲ ಪೂರ್ತಿ ಇಳಿಯಲಿಲ್ಲ.

ಗಾಳಿಯದು ಬೇರೆಯೇ ಸಂಕಟ. ಕ್ಲೋರಮೈನ್‌ಗಳಲ್ಲಿ ಒಂದು ಬಗೆ ನೀರಿನಿಂದ ಎದ್ದು ಗಾಳಿಗೆ ಸೇರಿ ಉಸಿರು ಕಟ್ಟಿಸುತ್ತದೆ. ಅದು ಹೋಗಲು ಕಿಟಕಿ ತೆರೆಯಬೇಕು. ನವೆಂಬರಿನ ದೆಹಲಿಯಲ್ಲಿ ಎಕ್ಯೂಐ 400 ದಾಟಿದಾಗ ಯಾರು ಕಿಟಕಿ ತೆರೆಯುತ್ತಾರೆ? ತೆರೆದರೆ ಹೊಗೆ, ಮುಚ್ಚಿದರೆ ತೊಟ್ಟಿಯದೇ ವಾಸನೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಆದರೆ ನಿಜಕ್ಕೂ ವ್ಯತ್ಯಾಸ ತಂದದ್ದು ಬಾಗಿಲ ಬಳಿಯ ಶವರು. ಸೋಪು ಹಾಕಿ ಮೈ ತೊಳೆಯದೆ ಯಾರೂ ಇಳಿಯುವ ಹಾಗಿಲ್ಲ ಎಂದು ನಿಯಮ ಮಾಡಿ, ಅದನ್ನು ಹೇಳುವ ಅಧಿಕಾರ ಆ ಹುಡುಗನಿಗೆ ಕೊಟ್ಟೆವು. "ಮನೆಯಲ್ಲಿ ಸ್ನಾನ ಮಾಡಿಯೇ ಬಂದಿದ್ದೇನೆ" ಎಂದು ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಅವನ ಮೇಲೆ ರೇಗಿದರಂತೆ. ಅವನು ತಲೆ ತಗ್ಗಿಸಿ, ಕ್ಲೋರಿನ್ ಪುಸ್ತಕ ತೆಗೆದು ತೋರಿಸಿ, "ಮೇಡಂಜೀ, ತೇಲ್ ಸೇ ಗಿರ್ ಜಾತಾ ಹೈ" ಎಂದನಂತೆ. ಎಣ್ಣೆಯಿಂದ ಇಳಿದುಬಿಡುತ್ತದೆ. ಅವರು ಹೋಗಿ ಶವರಿನಡಿ ನಿಂತರು. ಬೆಳಗ್ಗೆ ಅಳೆದದ್ದು, ಸಂಜೆ ಅಳೆದದ್ದು, ಎಷ್ಟು ಜನ ಇಳಿದರು ಎನ್ನುವುದನ್ನು ಅವನೇ ಬರೆಯುತ್ತಿದ್ದುದರಿಂದ, ಯಾವ ದಿನ ಎಷ್ಟು ಇಳಿಯುತ್ತದೆ ಎಂದು ಜನವರಿಯ ಹೊತ್ತಿಗೆ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಾಗಿತ್ತು. ಭಾನುವಾರ ಮಕ್ಕಳು ಬರುವ ಮೊದಲೇ ಪಂಪಿನ ತಿರುಪು ಅರ್ಧ ಸುತ್ತು ತಿರುಗಿಸಿರುತ್ತಿದ್ದ.

ಅಪ್ಪಯ್ಯನ ಎದೆ ಡಾಕ್ಟರಿಗೆ ನಾನು ಆ ಪುಸ್ತಕದ ಮೂರು ವಾರದ ಪುಟಗಳ ಫೋಟೋ ತೋರಿಸಿದೆ. ಅವರು ಓದಿ, ಎಲ್ಲರಿಗಿಂತ ಮೊದಲು, ಬೆಳಗ್ಗೆ ನೀರು ಅಳೆದಾದ ಮೇಲೆ, ಜೆಟ್ಟುಗಳನ್ನು ಆರಿಸಿಟ್ಟು, ಹತ್ತು ನಿಮಿಷ, ಎದೆಯ ಕೆಳಗಿನ ತನಕ ಮಾತ್ರ ಎಂದರು. ಗುಳ್ಳೆ ಇಲ್ಲದಿದ್ದರೆ ತುಂತುರೂ ಅಷ್ಟು ಏಳುವುದಿಲ್ಲ. ಗುಳ್ಳೆ ಏಳದ ಜಕೂಝಿ ಎಂದರೆ ಕೊನೆಗೂ ಹಂಡೆಯೇ. ಉಸಿರು ಸ್ವಲ್ಪ ಭಾರವೆನ್ನಿಸಿದ ದಿನ ಬೇಡವೇ ಬೇಡ ಎಂದೂ ಹೇಳಿದರು. ಆ ಚಳಿಗಾಲದಲ್ಲಿ ಅಪ್ಪಯ್ಯ ಒಟ್ಟು ಹತ್ತೊಂಬತ್ತು ದಿನ ಇಳಿದರು. ಎಕ್ಯೂಐ ಕೆಟ್ಟಿದ್ದ ದಿನಗಳಲ್ಲಿ ಮನೆಯಿಂದಲೇ ಹೊರಡಲಿಲ್ಲ. ಮಂಡಿನೋವು ಹೋಗಲಿಲ್ಲ; ಬೆಳಗಿನ ಹೊತ್ತು ಗೋಡೆ ಹಿಡಿಯದೆ ದೇವರ ಕೋಣೆಯ ತನಕ ಬರುವಷ್ಟಾಯಿತು. ಅವರು ಒಳಗೆ ಕೂತಿರುವಾಗ ನಾನು ಹೊರಗೆ ಕುರ್ಚಿಯಲ್ಲಿ ಕೂತು ಅವರ ಉಸಿರನ್ನೇ ನೋಡುತ್ತಿರುತ್ತಿದ್ದೆ. ಹುಡುಗನೂ ನಿಂತಿರುತ್ತಿದ್ದ. ಅಪ್ಪಯ್ಯನಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಕಿಟ್ಟಿನ ಗುಲಾಬಿ ಬಣ್ಣವನ್ನು ಬೆಳಕಿಗೆ ಹಿಡಿದು ಇಬ್ಬರೂ ತಲೆಯಾಡಿಸುತ್ತಿದ್ದರು.

ಕಳೆದ ನವೆಂಬರಿನಲ್ಲಿ ಸಮಿತಿ ಬದಲಾಯಿತು. ಹೊಸಬರು ಬ್ರೋಮಿನ್ ಬಗ್ಗೆ ಮತ್ತೆ ಕೇಳಿದ್ದಾರೆ, ಈಗ ನೋಯ್ಡಾದಲ್ಲೊಬ್ಬರು ದಾಸ್ತಾನು ಇಡುತ್ತಾರಂತೆ. ಒಂದು ವರ್ಷಕ್ಕಾಗುವಷ್ಟು ಮುಂಗಡ ತರಿಸಿ ಸ್ಟೋರಿನಲ್ಲಿಡಲು ಒಪ್ಪಿದರೆ ನನ್ನ ಅಡ್ಡಿಯಿಲ್ಲ ಎಂದಿದ್ದೇನೆ, ಗುಳಿಗೆಯ ಡಬ್ಬದಿಂದ ದೂರದ ಶೆಲ್ಫಿನಲ್ಲಿ. ಹುಡುಗ ಬ್ರೋಮಿನ್ನಿಗೆ ಅಳೆಯುವ ಪಟ್ಟಿ ಬೇರೆಯೇ ಎಂದು ತಿಳಿದುಕೊಂಡು, ಪುಸ್ತಕದಲ್ಲಿ ಈಗಾಗಲೇ ಹೊಸ ಗೆರೆ ಹಾಕಿಟ್ಟಿದ್ದಾನೆ.